ಟಿಪ್ಪು ಸುಲ್ತಾನನೂ ಅವನ ಅಗ್ನಿಬಾಣಗಳೂ

ಹೆಬ್ಬಾಳದ ಕೆರೆಯ ಬದಿಯಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ, ಯಲಹಂಕವನ್ನು ದಾಟಿ ಸುಮಾರು 30 ಕಿಲೋಮೀಟರಿನಲ್ಲಿ ದೇವನಹಳ್ಳಿಯ ಕೋಟೆ ಸಿಗುತ್ತದೆ. 1749ರಲ್ಲಿ ಮೈಸೂರಿನ ದಂಡು ಈ ಕೋಟೆಗೆ ಮುತ್ತಿಗೆ ಹಾಕಿದಾಗಲೇ ಹೈದರ ಆಲಿಯ ಶೌರ್ಯ ಮೊದಲು ಬೆಳಕಿಗೆ ಬಂದದ್ದು. ಒಂದೆರಡು ವರ್ಷಗಳಲ್ಲಿ ಅವನ ಮಗ ಟಿಪ್ಪು ಅದೇ ಊರಿನಲ್ಲಿ ಹುಟ್ಟಿದನು. ನಮ್ಮ ನೆರೆಯವನೇ ಆದ ಈ ದೊರೆಯ ರಾಜ್ಯಭಾರವನ್ನು ಕುರಿತು ಬಹಳ ಬರೆದಿದ್ದಾರೆ, ಬಹಳ ಜಗಳವಾಡಿಯೂ ಇದ್ದಾರೆ. ಯುದ್ಧಕಲೆಯ ಚರಿತ್ರೆಯಲ್ಲಿ ಅವನಿಗಿರುವ ಸ್ಥಾನವನ್ನು ಮಾತ್ರ ನಮ್ಮಲ್ಲಿ ಅನೇಕರು ಬಲ್ಲಂತೆ ತೋರುವುದಿಲ್ಲ.

ಹೈದರನು ಅಕ್ಷರ ಕಲಿತವನಲ್ಲ. ಮಗನಿಗೆ ಮಾತ್ರ ಓದನ್ನೂ ಯುದ್ಧವಿದ್ಯೆಯನ್ನೂ ಚೆನ್ನಾಗಿ ಕಲಿಸಿದನು. ಹದಿನೈದು ಹದಿನಾರರ ಹರೆಯದಲ್ಲಿಯೇ ಟಿಪ್ಪು ಮೊದಲನೆಯ ಮೈಸೂರು ಯುದ್ಧದಲ್ಲಿ ಕುದುರೆ ದಂಡಿನೊಡನೆ ಮದರಾಸಿನ ಬಳಿಯವರೆಗೆ ಹೋಗಿದ್ದನು.

ಬಾಣಬಿರುಸು ನಮ್ಮ ದೇಶಕ್ಕೆ ಹೊಸದಲ್ಲ. ಮದ್ದನ್ನು ಕಾಗದದ ಇಲ್ಲವೆ ಬಿದಿರಿನ ಕೊಳವೆಯಲ್ಲಿ ತುಂಬಿ ಹಾರಿಸುವ ರೂಢಿ ಮೊದಲಿನಿಂದ ಇತ್ತು. ಮೈಸೂರಿನವರು ಮಾಡಿದ ಹೊಸತು ಒಂದೇ: ಕೊಳವೆಯನ್ನು ಕಬ್ಬಿಣದಿಂದ ಮಾಡಿದರು. ಇದು ಸಣ್ಣ ಮಾತಲ್ಲ. ಕಾಗದದ ಕೊಳವೆ ಒತ್ತಡ ಹೆಚ್ಚಿದರೆ ಒಡೆದುಹೋಗುತ್ತದೆ, ಕಬ್ಬಿಣ ತಡೆಯುತ್ತದೆ. ಮದ್ದನ್ನು ಬಿಗಿಯಾಗಿ ತುಂಬಬಹುದು, ಹೊಗೆ ಹಿಂದಕ್ಕೆ ಜೋರಾಗಿ ನುಗ್ಗುತ್ತದೆ, ಬಾಣ ಅಷ್ಟೇ ಜೋರಾಗಿ ಮುಂದಕ್ಕೆ ಹೋಗುತ್ತದೆ. ಗೇಣುದ್ದದ ಕೊಳವೆ, ಅದಕ್ಕೆ ಕಟ್ಟಿದ ಉದ್ದನೆಯ ಬಿದಿರ ಗಳು. ಇಷ್ಟರಿಂದ ಒಂದು ಕಿಲೋಮೀಟರಿಗೂ ಮೀರಿ ಬೆಂಕಿ ಹಾರುತ್ತಿತ್ತು. ಫಿರಂಗಿಯನ್ನೆಳೆಯಲು ಎತ್ತುಗಳು ಬೇಕು, ದಾರಿ ಬೇಕು. ಬಾಣಗಳನ್ನು ಆಳು ಹೆಗಲ ಮೇಲೆ ಹೊತ್ತು ಗದ್ದೆ ಬದುವಿನಲ್ಲಿಯೂ ಓಡಬಲ್ಲ. ಟಿಪ್ಪು ತನ್ನ ಸೈನ್ಯದ ಪ್ರತಿಯೊಂದು ದಳಕ್ಕೂ ಬಾಣದವರನ್ನು ಸೇರಿಸಿದನು.

1780ರ ಸೆಪ್ಟೆಂಬರ್ 10ರಂದು, ಕಾಂಚೀಪುರದ ಸಮೀಪದ ಪೊಳ್ಳಿಲೂರಿನಲ್ಲಿ ಇದರ ಫಲ ಕಂಡಿತು. ಕರ್ನಲ್ ಬೇಲಿಯ ದಂಡನ್ನು ಟಿಪ್ಪುವೂ ಹೈದರನೂ ಸುತ್ತುಗಟ್ಟಿದರು. ಬೆಂಕಿ ತಗುಲಿ ಆಂಗ್ಲರ ಮದ್ದಿನ ಬಂಡಿಗಳು ಸಿಡಿದವು. ಅದು ಬಾಣಗಳ ಕೆಲಸವೆಂದು ಹೇಳುತ್ತಾರೆ. ಬೇಲಿ ಸೆರೆಯಾದನು. ಕೆಲವೇ ಮೈಲಿಗಳ ಆಚೆಯಿದ್ದ ಮನ್ರೋ ತನ್ನ ಭಾರಿ ತೋಪುಗಳನ್ನು ಕೆರೆಗೆ ನೂಕಿ ಮದರಾಸಿಗೆ ಹಿಂದಿರುಗಿದನು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಈ ಕಾಳಗದ ಚಿತ್ರವಿದೆ. ಮದ್ದಿನ ಬಂಡಿ ಸಿಡಿಯುವುದನ್ನೂ ಅದರಲ್ಲಿ ನೋಡಬಹುದು.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಟಿಪ್ಪುವಿನ ಆಳ್ವಿಕೆಯ ಹದಿನಾರು ವರ್ಷಗಳಲ್ಲಿ ರೇಷ್ಮೆ ಬಂತು, ಹೊಸ ನಾಣ್ಯ ಬಂತು. ಕೊಡಗು ಮಲಬಾರುಗಳ ಜನ ಇಂದಿಗೂ ಮರೆಯದ ಕ್ರೌರ್ಯವೂ ನಡೆಯಿತು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಚರಿತ್ರೆಯ ವಿದ್ಯಾರ್ಥಿಗೆ ಸಲ್ಲದು.

1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನು ಬೆಂಗಳೂರಿನ ಕೋಟೆಯನ್ನು ಹಿಡಿದನು. ಅಲ್ಲಿ ಗೋಡೆಯನ್ನು ಒಡೆದದ್ದು ಭಾರಿ ತೋಪು. ಬಾಣದ ದೌರ್ಬಲ್ಯ ಇಲ್ಲಿಯೇ ಇತ್ತು: ಅದು ಕುದುರೆಯನ್ನು ಬೆದರಿಸಬಲ್ಲದು, ಬಂಡಿಯನ್ನು ಸುಡಬಲ್ಲದು, ಇಟ್ಟ ಗುರಿಗೆ ಹೋಗಿ ಮುಟ್ಟುವುದೆಂಬ ಭರವಸೆಯಿಲ್ಲ, ಕಲ್ಲಿನ ಗೋಡೆಯ ಮುಂದೆ ನಿಸ್ಸಹಾಯ. ಮರುವರ್ಷದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು.

1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆಯ ತೋಪಿನಲ್ಲಿ ಮೈಸೂರಿನವರು ಬಾಣ, ತುಪಾಕಿಗಳಿಂದ ಕರ್ನಲ್ ವೆಲ್ಲೆಸ್ಲಿಯನ್ನು ಹಿಮ್ಮೆಟ್ಟಿಸಿದರು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಆದರೆ ಮೇ 2ರಂದು ಆಂಗ್ಲರ ಗುಂಡೊಂದು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೇ ಬಿದ್ದು ಅದು ಸಿಡಿಯಿತು. 4ರ ಮಧ್ಯಾಹ್ನ ಬಿರುಕಿನಿಂದ ಶತ್ರು ಒಳನುಗ್ಗಿದನು. ಓಡಿಹೋಗದೆ ಹೋರಾಡುತ್ತ ಟಿಪ್ಪು ಕೋಟೆಯ ಬಾಗಿಲಲ್ಲಿ ಮಡಿದನು.

ಬಾಣ ಮಡಿಯಲಿಲ್ಲ. ಮಾದರಿಗಳು ಇಂಗ್ಲೆಂಡಿನ ವುಲ್ವಿಚ್ ಆಯುಧಾಗಾರಕ್ಕೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವನು 1804ರ ಸುಮಾರಿಗೆ ಪರೀಕ್ಷೆ ಆರಂಭಿಸಿದನು. ಮದ್ದನ್ನು ತೂಗಿದನು, ದೂರವನ್ನು ಅಳೆದನು, ಬರೆದಿಟ್ಟನು. ನಮ್ಮಲ್ಲಿ ಕುಶಲಿಗಳ ಕೈಯಲ್ಲಿದ್ದ ವಿದ್ಯೆ ಅಲ್ಲಿ ಲೆಕ್ಕದ ಪುಸ್ತಕಕ್ಕೆ ಏರಿತು. 1807ರಲ್ಲಿ ಕೋಪನ್‌ಹೇಗನ್ ನಗರ ಅವನ ಬಾಣಗಳಿಂದ ಉರಿಯಿತು. ಬಳಿಕ ತೋಪಿನ ನಳಿಗೆಯೊಳಗೆ ಸುರುಳಿ ಗೀರು ಬಂದು ಗುರಿ ನಿಖರವಾದಾಗ, ಬಾಣ ಹಲವು ದಶಕಗಳ ಕಾಲ ಮೂಲೆಗುಂಪಾಯಿತು. 1941ರಲ್ಲಿ ರಷ್ಯನರ ಕತ್ಯೂಷಾ ಅದನ್ನು ಲಾರಿಯ ಮೇಲೇರಿಸಿ ಮರಳಿ ರಣರಂಗಕ್ಕೆ ತಂದಿತು. ಶ್ರೀರಂಗಪಟ್ಟಣ ಬಿದ್ದು ಸರಿಯಾಗಿ 200 ವರ್ಷಗಳಾದ 1999ರಲ್ಲಿ ಭಾರತದ ಪಿನಾಕ ಕಾರ್ಗಿಲ್ಲಿನಲ್ಲಿ ಹಾರಿತು. 2022ರಲ್ಲಿ ಆರಂಭವಾದ ಉಕ್ರೇನಿನ ಯುದ್ಧದಲ್ಲಿ, ಉಪಗ್ರಹದ ನೆರವಿನಿಂದ ದಾರಿ ಹಿಡಿಯುವ ರಾಕೆಟ್ಟುಗಳು ದೂರದ ಮದ್ದಿನ ಉಗ್ರಾಣಗಳನ್ನು ಹುಡುಕಿ ಹೊಡೆದವು. ಟಿಪ್ಪುವಿನ ಬಾಣಕ್ಕೆ ಇಲ್ಲದಿದ್ದ ಗುರಿ ಈಗ ದೊರಕಿದೆ. ಫಿರಂಗಿಯ ಕಾಲ ಮುಗಿಯಿತೆನ್ನುವವರು ಅದೇ ಯುದ್ಧದಲ್ಲಿ ದಿನವೂ ಸುರಿದ ತೋಪಿನ ಗುಂಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಟಿಪ್ಪುವಿನ ಕಾಲದ ಎರಡು ಬಾಣಗಳು ವುಲ್ವಿಚ್ಚಿನಲ್ಲಿ ಮಾತ್ರ ಉಳಿದಿವೆಯೆಂದು ಬಹುಕಾಲ ತಿಳಿದಿದ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಳೆಯ ಬತ್ತಿದ ಬಾವಿಯೊಂದನ್ನು ಅಗೆದಾಗ, ಕೆಸರಿನೊಳಗಿಂದ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಹೊರಬಂದವು.