ನೀರು, ಮಂಜು ಮತ್ತು ವೆಂಕಟಪ್ಪನವರು

ಕನ್ನಡ ನಾಡಿನ ಚಿತ್ರಕಾರರ ಹೆಸರು ಹೇಳುವಾಗ ಮೊದಲ ಸಾಲಿನಲ್ಲಿಯೇ ಬರತಕ್ಕ ಹೆಸರು ಕೆ. ವೆಂಕಟಪ್ಪನವರದು. ಅವರು ಹುಟ್ಟಿದ್ದು 1886ರಲ್ಲಿ, ಮೈಸೂರಿನಲ್ಲಿ. ಅವರದು ತಲೆತಲಾಂತರದಿಂದ ಕುಂಚವನ್ನೇ ನಂಬಿ ಬಾಳಿದ ಚಿತ್ರಗಾರ ಮನೆತನ. ಬಣ್ಣ ಅರೆಯುವುದು, ಚಿನ್ನದ ರೇಕು ಅಂಟಿಸುವುದು, ಗೆರೆ ತಪ್ಪದಂತೆ ಎಳೆಯುವುದು, ಇವೆಲ್ಲವೂ ಆ ಮನೆತನಗಳಲ್ಲಿ ಮಕ್ಕಳಿಗೆ ಆಟದಷ್ಟೇ ಸಹಜವಾಗಿ ಬರುತ್ತಿದ್ದ ವಿದ್ಯೆ. ಬಾಲಕನ ಕೈಚಳಕ ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ಬಂದಿತು. ಮಹಾರಾಜರ ಆಶ್ರಯದಿಂದ ಮೈಸೂರಿನಲ್ಲಿ ಶಿಕ್ಷಣ ಪಡೆದ ತರುಣನು 1909ರ ಸುಮಾರಿಗೆ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿದನು.

ಅಲ್ಲಿ ಅವರಿಗೆ ಗುರುವಾಗಿ ದೊರೆತವರು ಅವನೀಂದ್ರನಾಥ ಠಾಕೂರರು. ಸಹಪಾಠಿಗಳಲ್ಲಿ ಒಬ್ಬರು ನಂದಲಾಲ್ ಬೋಸರು. ಭಾರತೀಯ ಕಲೆಗೆ ಹೊಸ ಜೀವ ತುಂಬುವ ಹುರುಪು ಆ ಶಾಲೆಯಲ್ಲಿ ತುಂಬಿದ್ದ ಕಾಲವದು. ಜಪಾನೀ ಚಿತ್ರಕಾರರ ಒಡನಾಟದಿಂದ ಅವನೀಂದ್ರನಾಥರು ರೂಢಿಸಿಕೊಂಡಿದ್ದ ಒಂದು ಕ್ರಮ ಅಲ್ಲಿ ಬಳಕೆಯಲ್ಲಿದ್ದಿತು. ಕಾಗದದ ಮೇಲೆ ಬಣ್ಣ ಹಾಕಿ, ಅದನ್ನು ನೀರಿನಿಂದ ತೊಳೆದು, ಒಣಗಿಸಿ, ಮತ್ತೆ ಬಣ್ಣ ಹಾಕುವುದು. ಹೀಗೆ ಹಲವು ಸಲ ಮಾಡಿದಾಗ ಬಣ್ಣವು ಕಾಗದದೊಳಕ್ಕೆ ಇಳಿದು, ಚಿತ್ರಕ್ಕೆಲ್ಲ ಮಂಜು ಕವಿದಂತಹ ಮೃದುತ್ವ ಬರುತ್ತದೆ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥ 1913ರಲ್ಲಿ ಹೊರಬಂದಾಗ ಅದರಲ್ಲಿ ವೆಂಕಟಪ್ಪನವರ ಚಿತ್ರಗಳೂ ಇದ್ದವು. ಕಲ್ಕತ್ತೆಯಲ್ಲಿಯೇ ನಿಂತಿದ್ದರೆ ಅವರಿಗೆ ಕೀರ್ತಿಗೇನೂ ಕೊರತೆಯಾಗುತ್ತಿರಲಿಲ್ಲ. ಆದರೂ ಅವರು ಮೈಸೂರಿಗೆ ಮರಳಿದರು.

ಮರಳಿದ ಮೇಲೆ ಅವರು ನಡೆಸಿದ್ದು ವ್ರತದಂತಹ ಬಾಳು. ಮದುವೆಯಾಗಲಿಲ್ಲ. ಕೈಗೆತ್ತಿಕೊಂಡ ಕೆಲಸ ಮನಸ್ಸಿಗೆ ಒಪ್ಪುವವರೆಗೂ ಬಿಡುತ್ತಿರಲಿಲ್ಲ. ದಂತದ ಮೇಲಿನ ಕಿರುಚಿತ್ರಗಳನ್ನೂ ಗಾರೆಯ ಉಬ್ಬುಶಿಲ್ಪಗಳನ್ನೂ ಒಂದೇ ಶ್ರದ್ಧೆಯಿಂದ ಮಾಡಿದರು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತು, ಆ ನಾದದ ಹುಚ್ಚು ತಮ್ಮ ಕುಂಚವನ್ನು ಸೆಳೆದ ಪರಿಯನ್ನೇ ಒಂದು ಚಿತ್ರವಾಗಿ ಬರೆದರು.

ಅವರ ಕೃತಿಗಳಲ್ಲಿ ನಮ್ಮ ಮನಸ್ಸನ್ನು ಬಹುಕಾಲ ಹಿಡಿದು ನಿಲ್ಲಿಸುವವು ನೀಲಗಿರಿಯ ಉದಕಮಂಡಲದಲ್ಲಿ 1920ರ ದಶಕದಲ್ಲಿಯೂ, ಕೊಡೈಕೆನಾಲಿನಲ್ಲಿ 1930ರ ದಶಕದಲ್ಲಿಯೂ ಬರೆದ ನಿಸರ್ಗಚಿತ್ರಗಳು. ಬೆಟ್ಟ, ಕೆರೆ, ಮೋಡ, ಬೆಳದಿಂಗಳು, ಇಷ್ಟೇ ಅವುಗಳ ವಸ್ತು. ದೇವತೆಗಳಿಲ್ಲ, ಕಥೆಯಿಲ್ಲ. ಕಲ್ಕತ್ತೆಯಲ್ಲಿ ಕಲಿತ ಮೃದುತ್ವಕ್ಕೆ ಅವರು ಇಲ್ಲಿ ತಮ್ಮ ಕಣ್ಣಿನ ಕಟ್ಟುನಿಟ್ಟನ್ನು ಜೋಡಿಸಿದರು. ಬೆಳಗಿನ ಬೆಳಕು ಬೇರೆ, ಮಳೆಗೆ ಮುಂಚಿನ ಬೆಳಕು ಬೇರೆ, ಚಂದ್ರನ ಬೆಳಕು ಬೇರೆ. ಒಂದಕ್ಕೊಂದು ಬೆರೆಯದಂತೆ ಪ್ರತಿಯೊಂದನ್ನೂ ಅದರದೇ ಬಣ್ಣದಲ್ಲಿ ಹಿಡಿದರು. ಮಂಜು ಇಳಿದಲ್ಲಿ ಬೆಟ್ಟದ ಆಕಾರ ಕರಗಿ, ಬಣ್ಣದ ಮೇಲೊಂದು ಬಣ್ಣ ಮಾತ್ರ ಉಳಿಯುತ್ತದೆ.

ಇವನ್ನು ಅಮೂರ್ತ ಚಿತ್ರಗಳೆಂದು ಕರೆಯಲಾಗದು. ಆದರೆ ಅಮೂರ್ತ ನಿಸರ್ಗಚಿತ್ರದ ಹೊಸ್ತಿಲು ಎಲ್ಲಿದೆಯೆಂದು ಕೇಳಿದರೆ ಇಂತಹ ಚಿತ್ರಗಳನ್ನೇ ತೋರಿಸಬೇಕು. ಫ್ರಾನ್ಸಿನ ಕ್ಲೋದ್ ಮೊನೆ ತನ್ನ ಮನೆಯ ಕೊಳದ ನೈದಿಲೆಗಳನ್ನು ಕಾಲು ಶತಮಾನಕ್ಕೂ ಹೆಚ್ಚು ಕಾಲ ಬರೆದು 1926ರಲ್ಲಿ ತೀರಿಕೊಂಡನು. ಅವನ ಕೊನೆಯ ಚಿತ್ರಗಳಲ್ಲಿ ದಡವೇ ಇಲ್ಲ. ನೀರು ಮತ್ತು ಬೆಳಕು ಮಾತ್ರ. ಇಬ್ಬರ ದಾರಿ ಬೇರೆ ಬೇರೆ. ಆದರೂ ನೀರನ್ನು ಬಹುಕಾಲ ನೋಡಿದ ಕಣ್ಣಿಗೆ ವಸ್ತುವಿನ ಅಂಚು ಸಡಿಲವಾಗುತ್ತದೆಂಬ ಮಾತು ಇಬ್ಬರಿಗೂ ಒಪ್ಪುತ್ತದೆ.

1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ವೆಂಕಟಪ್ಪನವರಿಗೆ ಅರಮನೆಯ ಆಶ್ರಯ ತಪ್ಪಿತು. ಅವರು ಬೆಂಗಳೂರಿಗೆ ಬಂದು ನೆಲೆಸಿದರು. ತಾವು ಮಾಡಿದ ಕೆಲಸಕ್ಕೆ ಸಲ್ಲಬೇಕಾದುದು ಸಲ್ಲಲಿಲ್ಲವೆಂದು ಅರಮನೆಯ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಜಯ ದೊರೆಯಲಿಲ್ಲ. ಕಲಾವಿದನು ಭಿಕ್ಷೆ ಬೇಡುವವನಲ್ಲ, ದುಡಿದು ಕೂಲಿ ಕೇಳುವ ಹಕ್ಕುಳ್ಳವನು ಎಂಬ ಹಟ ಆ ಮೊಕದ್ದಮೆಯಲ್ಲಿ ಕಾಣುತ್ತದೆ. 1965ರಲ್ಲಿ ಅವರು ಕಾಲವಾದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರವು ಮುಂದೆ ತೆರೆದ ಚಿತ್ರಶಾಲೆ ಅವರ ಹೆಸರನ್ನು ಹೊತ್ತಿದೆ.

ಚಿತ್ರಗಳೇನೋ ಉಳಿದವು. ಅವರು ಹೋಗಿ ನಿಂತ ಊರುಗಳ ನೀರಿನ ಗತಿ ಏನಾಯಿತು? ಉದಕಮಂಡಲದ ಕೆರೆಯನ್ನು ಕೋಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1820ರ ದಶಕದಲ್ಲಿ ಕಟ್ಟಿಸಿದನು. ಅದರ ಅಂಗಳದ ಒಂದು ಭಾಗದಲ್ಲಿ ಮುಂದೆ ಕುದುರೆ ಪಂದ್ಯದ ಮೈದಾನವೂ ಬಸ್ ನಿಲ್ದಾಣವೂ ಎದ್ದವು; ಉಳಿದ ನೀರಿಗೆ ಊರಿನ ಕೊಳಚೆ ಸೇರಿತು. ಕೊಡೈಕೆನಾಲಿನ ಕೆರೆ 1863ರಲ್ಲಿ ಕಟ್ಟಿದ್ದು. ಅಲ್ಲಿನ ಉಷ್ಣಮಾಪಕ ಕಾರ್ಖಾನೆಯೊಂದು 2001ರಲ್ಲಿ ಮುಚ್ಚಿತು. ಅದರಿಂದ ಹೊರಬಿದ್ದ ಪಾದರಸ ಆ ಕೆರೆಯ ಕೆಸರಿನಲ್ಲಿಯೂ ಮೀನಿನಲ್ಲಿಯೂ ಸೇರಿರುವುದನ್ನು ವಿಜ್ಞಾನಿಗಳು ಕಂಡರು. ನೀರಿನ ಮೇಲಿನ ಮಂಜು ಈಗಲೂ ಅಷ್ಟೇ ಸುಂದರ. ದೂರದಿಂದ ನೋಡುವವನಿಗೆ ಕೆರೆಯ ಕಾಯಿಲೆ ತಿಳಿಯುವುದಿಲ್ಲ. ದಿನವೂ ನೋಡುವವನಿಗೆ ಮಾತ್ರ ತಿಳಿಯುತ್ತದೆ.

ಈ ಮಾತು ನಮಗೆ ದೂರದ್ದಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಬಯಲುಸೀಮೆಯಲ್ಲಿ ಮಂಜಿನ ಬೆಟ್ಟಗಳಿಲ್ಲ. ಆದರೆ ಹಿರಿಯರು ಕಟ್ಟಿದ ಕೆರೆಗಳಿವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಬೇಸಾಯಕ್ಕೆಂದು ಕಟ್ಟಿದ ಊರ ಕೆರೆ. ವಿಸ್ತಾರ ಸುಮಾರು 98 ಹೆಕ್ಟೇರು. ಅದರೊಳಗಿನ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದವು. ಅದೀಗ ಪಕ್ಷಿ ಸಂರಕ್ಷಿತ ಪ್ರದೇಶ. 2024ರಲ್ಲಿ ರಾಮ್ಸಾರ್ ಒಡಂಬಡಿಕೆಯ ಪಟ್ಟಿಗೂ ಸೇರಿ ಜಗತ್ತಿನ ಮಹತ್ವದ ಜೌಗುನೆಲಗಳಲ್ಲಿ ಒಂದೆನಿಸಿತು. ಉಳಿದ ಕೆರೆಗಳಿಗೆ ಆ ಭಾಗ್ಯವಿಲ್ಲ. ಅಂಗಳದಲ್ಲಿ ಹೂಳು ತುಂಬಿ, ನೀರು ಬರುವ ಹಳ್ಳಗಳು ಮುಚ್ಚಿಹೋದರೆ ಕೆರೆಯ ಹೆಸರು ಮಾತ್ರ ಕಾಗದದಲ್ಲಿ ಉಳಿದೀತು.

ನಮ್ಮಲ್ಲಿ ಚಿತ್ರ ಬರೆಯುವ ಕೈಗಳು ಅನೇಕವಿವೆ. ವೆಂಕಟಪ್ಪನವರ ಪ್ರತಿಭೆ ಎಲ್ಲರಿಗೂ ಬರಲಾರದು. ಅವರ ತಾಳ್ಮೆಯನ್ನಾದರೂ ಅಭ್ಯಾಸ ಮಾಡಬಹುದು. ತಮ್ಮೂರ ಕೆರೆಯ ಏರಿಯ ಮೇಲೆ ಒಂದೇ ಜಾಗದಲ್ಲಿ ಕುಳಿತು ತಿಂಗಳಿಗೊಂದು ಚಿತ್ರ ಬರೆಯಲಿ. ಮೂರ್ತವಾಗಿಯೇ ಬರೆಯಲಿ, ಅಮೂರ್ತವಾಗಿಯೇ ಬರೆಯಲಿ. ನೀರು ಎಲ್ಲಿಯವರೆಗೆ ನಿಂತಿದೆ, ಅದರ ಬಣ್ಣವೇನು, ಹಕ್ಕಿ ಬಂದಿದೆಯೇ ಎಂಬುದು ಆ ಬಣ್ಣಗಳಲ್ಲಿ ಸುಳ್ಳಾಗದಿರಲಿ. ಹತ್ತು ವರ್ಷದ ಚಿತ್ರಗಳು ಕೂಡಿದರೆ ಆ ಕೆರೆಯ ಚರಿತ್ರೆ ಬರೆದಂತಾಯಿತು.