ಜಾಝ್ ಸಂಗೀತದ ಡ್ಯೂಕ್ ಎಲಿಂಗ್ಟನ್

ಅಮೆರಿಕದ ಕಪ್ಪು ಜನರಿಂದ ಹುಟ್ಟಿದ ಒಂದು ಸಂಗೀತಕ್ಕೆ ಜಾಝ್ ಅಂತಾರೆ. ಅದರಲ್ಲಿ ತುಂಬಾ ಹೆಸರು ಮಾಡಿದವರು ಡ್ಯೂಕ್ ಎಲಿಂಗ್ಟನ್. ಈ ಸಲ ಅವರ ಬಗ್ಗೆ ಬರೆದಿದ್ದೇನೆ.

ಇವರು 1899ನೇ ಇಸವಿ ಏಪ್ರಿಲ್ 29ರಂದು ವಾಷಿಂಗ್ಟನ್ ನಗರದಲ್ಲಿ ಜನಿಸಿದರು. ನಿಜವಾದ ಹೆಸರು ಎಡ್ವರ್ಡ್ ಕೆನಡಿ ಎಲಿಂಗ್ಟನ್. ತಂದೆ ಜೇಮ್ಸ್, ತಾಯಿ ಡೈಸಿ. ಇಬ್ಬರಿಗೂ ಪಿಯಾನೋ ನುಡಿಸಲು ಬರುತ್ತಿತ್ತು. ಮಗನನ್ನೂ ಚಿಕ್ಕ ವಯಸ್ಸಿಗೇ ಪಿಯಾನೋ ಪಾಠಕ್ಕೆ ಹಾಕಿದರು. ಆದ್ರೆ ಹುಡುಗನಿಗೆ ಬೇಸ್‌ಬಾಲ್ ಆಟದ ಹುಚ್ಚು, ಪಾಠಕ್ಕೆ ಚಕ್ಕರ್! ಯಾವಾಗಲೂ ನೀಟಾಗಿ ಬಟ್ಟೆ ಹಾಕ್ತಿದ್ದರಂತ ಗೆಳೆಯ ಡ್ಯೂಕ್ ಅಂತ ಹೆಸರಿಟ್ಟ. ಡ್ಯೂಕ್ ಅಂದ್ರೆ ಇಂಗ್ಲೆಂಡಿನಲ್ಲಿ ರಾಜನ ನಂತರದ ದೊಡ್ಡ ಪದವಿ. ಸೋಡಾ ಅಂಗಡಿಯಲ್ಲಿ ಕೆಲಸ ಮಾಡುವಾಗ ಮೊದಲನೇ ಸಂಗೀತ ಕಟ್ಟಿದರು. ಆಗ ಅದನ್ನು ಬರೆಯಲು ಕೂಡ ಅವರಿಗೆ ಬರುತ್ತಿರಲಿಲ್ಲ.

1927ರ ಡಿಸೆಂಬರ್‌ನಲ್ಲಿ ಇವರ ತಂಡ ನ್ಯೂಯಾರ್ಕಿನ ಕಾಟನ್ ಕ್ಲಬ್ ಸೇರಿತು. ಅಲ್ಲಿ ನುಡಿಸುವವರು, ಕುಣಿಯುವವರು ಕಪ್ಪು ಜನ. ಕೂತು ನೋಡುವವರು ಮಾತ್ರ ಬಿಳಿಯರು. ಆದ್ರೆ ರೇಡಿಯೋವನ್ನು ಬಾಗಿಲಲ್ಲಿ ತಡೆಯೋಕೆ ಆಗುತ್ತಾ? ಅದರಿಂದ ದೇಶದ ತುಂಬಾ ಇವರ ಸಂಗೀತ ಹರಡಿತು.

ದಕ್ಷಿಣದ ರಾಜ್ಯಗಳಿಗೆ ಹೋದಾಗ ಬಿಳಿಯರ ಹೋಟೆಲುಗಳಲ್ಲಿ ಇವರಿಗೆ ರೂಮು ಕೊಡುತ್ತಿರಲಿಲ್ಲ. ಅದಕ್ಕೆ ರೈಲು ಡಬ್ಬಿಗಳನ್ನೇ ಬಾಡಿಗೆಗೆ ಹಿಡಿದು ಅದರಲ್ಲೇ ಉಣ್ಣುತ್ತಿದ್ದರು, ಮಲಗುತ್ತಿದ್ದರು. ಇಷ್ಟಾದರೂ ನುಡಿಸುವುದನ್ನು ಬಿಡಲಿಲ್ಲ. 1943ರಲ್ಲಿ ಕಾರ್ನೆಗಿ ಹಾಲ್ ಎಂಬ ದೊಡ್ಡ ಸಭಾಂಗಣದಲ್ಲಿ ತಮ್ಮ ಜನರ ಕಥೆಯನ್ನೇ ಸಂಗೀತದಲ್ಲಿ ಹೇಳಿದರು. 1961ರಲ್ಲಿ, ಬಣ್ಣ ನೋಡಿ ಜನರನ್ನು ಬೇರೆ ಬೇರೆ ಕೂರಿಸುವ ಕಡೆ ನುಡಿಸುವುದಿಲ್ಲ ಎಂದು ಕರಾರಿನಲ್ಲೇ ಬರೆಸಿದರು.

1963ರಲ್ಲಿ ಇವರು ನಮ್ಮ ಭಾರತಕ್ಕೂ ಬಂದಿದ್ದರು. ಇವರ ಜೊತೆ ಸಂಗೀತ ಬರೆಯುತ್ತಿದ್ದ ಬಿಲ್ಲಿ ಸ್ಟ್ರೇಹಾರ್ನ್ ಕೂಡ ಇದ್ದರು. ದೆಹಲಿಯಲ್ಲಿ ಕೇಳಿದ ಮೈನಾ ಹಕ್ಕಿಯ ಕೂಗನ್ನು ಒಂದು ಕೃತಿಯಲ್ಲಿ ತಂದರು. ಮೈನಾ ಅಂದ್ರೆ ನಮ್ಮ ಗೊರವಂಕ! ಆಗ್ರಾ ಹೆಸರಿನಲ್ಲಿಯೂ ಒಂದು ಕೃತಿ ಇದೆ.

ಇವರು ತಂಡದಲ್ಲಿ ಯಾರು ಹೇಗೆ ನುಡಿಸುತ್ತಾರೋ ನೋಡಿ, ಅವರವರಿಗೆ ತಕ್ಕ ಹಾಗೆ ಸಂಗೀತ ಬರೆಯುತ್ತಿದ್ದರು. 1974ನೇ ಮೇ 24ರಂದು ಇವರು ತೀರಿಕೊಂಡಾಗ ಅದೆಲ್ಲಾ ಕಳೆದುಹೋಗಬಹುದಿತ್ತು. ಆದ್ರೆ ಮಗ ಮರ್ಸರ್ ತಂಡವನ್ನು ನಡೆಸಿಕೊಂಡು ಹೋದರು. ತಂದೆಯ ಹಾಳೆಗಳನ್ನು ರದ್ದಿಗೆ ಹಾಕಲಿಲ್ಲ. 1988ರಲ್ಲಿ ಅವು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಸೇರಿದವು. ಎಲ್ಲಾ ಸೇರಿ ಸುಮಾರು 2 ಲಕ್ಷ ಪುಟ!

2009ರಲ್ಲಿ ಅಮೆರಿಕದ 25 ಸೆಂಟ್ ನಾಣ್ಯದ ಮೇಲೆ ಪಿಯಾನೋ ಜೊತೆ ಇವರ ಚಿತ್ರ ಬಂತು. 1990ರ ದಶಕದಿಂದ ಇವರ ಸಂಗೀತದ ಪ್ರತಿಗಳನ್ನು ಹೈಸ್ಕೂಲುಗಳಿಗೆ ಕಳಿಸುತ್ತಾ ಬಂದಿದ್ದಾರೆ. ಎಲ್ಲಾ ಬಣ್ಣದ ಮಕ್ಕಳೂ ಒಟ್ಟಿಗೆ ಕೂತು ನುಡಿಸುತ್ತಾರೆ.

ಒಂದು ಕಾಲಕ್ಕೆ ಮಲಗಲು ರೂಮು ಕೊಡದ ದೇಶವೇ ಈಗ ಅವರ ಹಾಳೆಗಳನ್ನು ಜೋಪಾನ ಮಾಡಿದೆ. ಸಂಗೀತ ಜನರನ್ನು ಒಂದು ಮಾಡುತ್ತದೆ, ಆದ್ರೆ ಯಾರಾದರೂ ಅದನ್ನು ಉಳಿಸಬೇಕು ಅಂತ ಇವರ ಜೀವನದಿಂದ ನನಗೆ ತಿಳಿಯಿತು.