ಕ್ರಿಸ್‌ಮಸ್ ಕಥೆಗಾರನ ಕಥೆ

ಡಿಸೆಂಬರ್ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಒಂದು ವಾಡಿಕೆಯುಂಟು. ರಾತ್ರಿಯ ಊಟ ಮುಗಿದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಕಥೆಯ ಯಾವುದಾದರೊಂದು ನಾಟಕರೂಪವನ್ನೋ ಚಿತ್ರರೂಪವನ್ನೋ ದೂರದರ್ಶನದ ಪರದೆಯ ಮೇಲೆ ನೋಡುತ್ತೇವೆ. ಅದರಲ್ಲಿ ಸುರಿಯುವ ಹಿಮವನ್ನು ನಾವು ಕಂಡವರಲ್ಲ. ಹಬ್ಬದೂಟದ ಹೆಬ್ಬಾತು ನಮ್ಮ ಅಡುಗೆಮನೆಯದಲ್ಲ. ಹಬ್ಬವೂ ನಮ್ಮ ಮನೆತನದ್ದಲ್ಲ. ಆದರೂ ಜಿಪುಣ ಸ್ಕ್ರೂಜನು ಒಂದೇ ರಾತ್ರಿಯಲ್ಲಿ ಮೂರು ಭೂತಗಳ ಜೊತೆ ನಡೆದು, ತನ್ನ ಹಿಂದು ಇಂದು ಮುಂದುಗಳನ್ನು ಕಂಡು, ಬೆಳಗಾಗುವಷ್ಟರಲ್ಲಿ ಮನುಷ್ಯನಾಗುವ ಆ ಕಥೆ ಯಾರ ಮನೆಯದಲ್ಲ?

ಮೈಸೂರಿನ ದಸರೆಗೆ ಸಂಗೀತ ನಾಟಕಗಳು ಹೇಗೆ ಸೇರಿಕೊಂಡಿವೆಯೋ ಹಾಗೆಯೇ ಇಂಗ್ಲೆಂಡಿನ ಕ್ರಿಸ್‌ಮಸ್ ರಜೆಗೆ ದೂರದರ್ಶನದ ನಾಟಕಗಳು ಸೇರಿಕೊಂಡಿವೆ. ಬ್ಯಾಲೆ ನೃತ್ಯ, ದೆವ್ವದ ಕಥೆ, ಹಳೆಯ ಕಾದಂಬರಿಗಳ ರೂಪಾಂತರ, ಇವೆಲ್ಲ ಆ ದಿನಗಳಿಗೆಂದೇ ಸಿದ್ಧವಾಗುತ್ತವೆ. ಆ ಪಂಕ್ತಿಯಲ್ಲಿ ಮೊದಲ ಎಲೆ ಡಿಕನ್ಸನದು. 1977ರಲ್ಲಿ ಮೈಕೇಲ್ ಹಾರ್ಡರ್ನ್, 1984ರಲ್ಲಿ ಜಾರ್ಜ್ ಸಿ. ಸ್ಕಾಟ್, 1999ರಲ್ಲಿ ಪ್ಯಾಟ್ರಿಕ್ ಸ್ಟೂವರ್ಟ್, 2019ರಲ್ಲಿ ಗೈ ಪಿಯರ್ಸ್, ಹೀಗೆ ಒಬ್ಬರಾದ ಮೇಲೊಬ್ಬ ನಟರು ದೂರದರ್ಶನಕ್ಕಾಗಿ ಸ್ಕ್ರೂಜನ ವೇಷ ಧರಿಸಿದ್ದಾರೆ. ನನಗೆ ಮಾತ್ರ ಎಲ್ಲಕ್ಕಿಂತ ಪ್ರಿಯವಾದದ್ದು 1951ರಲ್ಲಿ ತೆರೆಕಂಡ, ಅಲಸ್ಟೇರ್ ಸಿಮ್ ಅಭಿನಯಿಸಿದ ಕಪ್ಪುಬಿಳುಪಿನ ಚಿತ್ರ. ಸಿಡುಕಿನ ಮುಖವೊಂದು ಕರಗಿ ಮಗುವಿನ ನಗೆಯಾಗುವುದನ್ನು ಅಷ್ಟು ಚೆನ್ನಾಗಿ ತೋರಿಸಿದವರು ವಿರಳ.

ಕೆಲವು ವರ್ಷಗಳ ಹಿಂದೆ ಆ ಚಿತ್ರವನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೊಂದು ಕಾರಣವಿತ್ತು. ರಜೆಗೆ ಎರಡು ದಿನ ಮೊದಲು, ಬೆಳಗಿನ ತರಗತಿಯಲ್ಲಿ ನಾನು ಪಂಪನ ಪದ್ಯವೊಂದನ್ನು ಬಿಡಿಸಿ ಹೇಳುತ್ತಿದ್ದಾಗ, ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ತಲೆಯಿಟ್ಟು ನಿದ್ರಿಸುತ್ತಿದ್ದ. ಅದು ಮೊದಲ ಸಲವಲ್ಲ. ನಿದ್ರಿಸುವವನು ಬಂದೂ ಬಾರದವನೇ ಎಂದು ಎಲ್ಲರೆದುರು ಹೇಳಿ, ಹಾಜರಿ ಕೊಡದೆ ಹೊರಗೆ ಕಳುಹಿಸಿದೆ. ತರಗತಿ ನಕ್ಕಿತು, ನಾನೂ ನನ್ನ ಮಾತಿನ ಚಮತ್ಕಾರಕ್ಕೆ ಒಳಗೊಳಗೇ ಮೆಚ್ಚಿಕೊಂಡೆ. ಹುಡುಗ ಏನೂ ಹೇಳದೆ ಹೋದ. ಚಿತ್ರವನ್ನು ನೋಡಿದ ರಾತ್ರಿ, ಸ್ಕ್ರೂಜನ ಕಚೇರಿಯಲ್ಲಿ ಚಳಿಯಿಂದ ಮುದುಡಿ ಕುಳಿತ ಗುಮಾಸ್ತನನ್ನು ಕಂಡಾಗ, ಆ ಮೌನ ಮತ್ತೆ ನೆನಪಾಯಿತು. ಆ ಕಥೆಯನ್ನು ಬರೆದವನ ಬಾಳೂ ನೆನಪಾಯಿತು.

ಚಾರ್ಲ್ಸ್ ಡಿಕನ್ಸ್ ಹುಟ್ಟಿದ್ದು 1812ರ ಫೆಬ್ರವರಿ 7ರಂದು, ಪೋರ್ಟ್ಸ್‌ಮತ್ ಎಂಬ ಬಂದರುಪಟ್ಟಣದಲ್ಲಿ. ತಂದೆ ಜಾನ್ ಡಿಕನ್ಸ್ ನೌಕಾದಳದ ಸಂಬಳದ ಕಚೇರಿಯಲ್ಲಿ ಗುಮಾಸ್ತ. ಮಾತಿನಲ್ಲಿ ಉದಾರಿ, ಲೆಕ್ಕದಲ್ಲಿ ಅಸಡ್ಡೆಯವನು. ಸಂಸಾರ ಲಂಡನ್ನಿಗೆ ಬಂದು ಕ್ಯಾಮ್ಡನ್ ಟೌನಿನ ಒಂದು ಪುಟ್ಟ ಮನೆಯಲ್ಲಿ ನೆಲಸುವ ಹೊತ್ತಿಗೆ ಸಾಲ ಕುತ್ತಿಗೆಯವರೆಗೆ ಏರಿತ್ತು. 1824ರ ಫೆಬ್ರವರಿಯಲ್ಲಿ ಸಾಲಗಾರರು ಅವನನ್ನು ಮಾರ್ಷಲ್ಸೀ ಸೆರೆಮನೆಗೆ ಕಳುಹಿಸಿದರು. ಹೆಂಡತಿಯೂ ಚಿಕ್ಕ ಮಕ್ಕಳೂ ಅಲ್ಲಿಯೇ ಹೋಗಿ ಅವನೊಡನೆ ಇರತೊಡಗಿದರು. ಹನ್ನೆರಡು ವರ್ಷದ ಚಾರ್ಲ್ಸ್ ಮಾತ್ರ ಹೊರಗುಳಿದ. ಥೇಮ್ಸ್ ನದಿಯ ದಡದಲ್ಲಿ, ಇಲಿಗಳು ತುಂಬಿದ ಹಾಳುಕಟ್ಟಡವೊಂದರಲ್ಲಿ ಬೂಟಿಗೆ ಹಚ್ಚುವ ಕರಿಯ ಪಾಲಿಷಿನ ಕಾರ್ಖಾನೆಯಿತ್ತು. ಅಲ್ಲಿ ದಿನಕ್ಕೆ ಹತ್ತು ಗಂಟೆ, ಪಾಲಿಷಿನ ಕುಡಿಕೆಗಳಿಗೆ ಕಾಗದ ಕಟ್ಟಿ ಚೀಟಿ ಅಂಟಿಸುವುದು ಅವನ ಕೆಲಸ. ವಾರಕ್ಕೆ ಆರು ಶಿಲಿಂಗ್ ಕೂಲಿ.

ಕೆಲವು ತಿಂಗಳಲ್ಲಿ ತಂದೆ ಬಿಡುಗಡೆ ಹೊಂದಿದ. ಹುಡುಗನಿಗೂ ಕಾರ್ಖಾನೆಯಿಂದ ಬಿಡುಗಡೆಯಾಗಿ ಮತ್ತೆ ಶಾಲೆಯ ಮುಖ ಕಾಣುವಂತಾಯಿತು. ಆದರೆ ಮಗ ಅದೇ ಕೂಲಿಗೆ ಮರಳಲಿ ಎಂದು ತಾಯಿ ಬಯಸಿದ್ದಳು. ಅದನ್ನು ಅವನು ಕಡೆಯವರೆಗೂ ಮರೆಯಲಿಲ್ಲ. ಅದಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ, ಈ ಅಧ್ಯಾಯವನ್ನು ಅವನು ಲೋಕದಿಂದ ಮುಚ್ಚಿಟ್ಟದ್ದು. ಬಡವರ ಮಕ್ಕಳ ಪರವಾಗಿ ಜೀವಮಾನವೆಲ್ಲ ಬರೆದವನು, ತಾನೂ ಅಂಥ ಮಗುವಾಗಿದ್ದೆನೆಂದು ಓದುಗರಿಗೆ ಎಂದೂ ಹೇಳಲಿಲ್ಲ. ಗೆಳೆಯ ಜಾನ್ ಫಾರ್ಸ್ಟರನಿಗೆ ಗುಟ್ಟನ್ನು ಬಿಚ್ಚಿದ. ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಕಲ್ಪಿತ ಬಾಲಕನ ಪಾಡಾಗಿ ಅದನ್ನು ಹೆಣೆದ. ಅವನು ತೀರಿಕೊಂಡ ಬಳಿಕ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದಲೇ ಲೋಕಕ್ಕೆ ನಿಜ ತಿಳಿಯಿತು. ಬಡತನಕ್ಕಿಂತಲೂ ಬಡತನದ ನಾಚಿಕೆ ಎಷ್ಟು ದೀರ್ಘಾಯುಷಿ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇವನು ಕಾದಂಬರಿಕಾರನಾದದ್ದು ಒಂದು ರೀತಿಯಲ್ಲಿ ನೆಗಡಿಯ ದೆಸೆಯಿಂದ ಎಂದರೆ ಓದುಗರು ನಗಬಹುದು. ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿ, ಶೀಘ್ರಲಿಪಿ ಕಲಿತು ವರದಿಗಾರನಾಗಿದ್ದ ದಿನಗಳಲ್ಲಿ ಅವನ ನಿಜವಾದ ಹುಚ್ಚು ನಾಟಕದ್ದು. ಹೆಚ್ಚು ಕಡಿಮೆ ಪ್ರತಿ ರಾತ್ರಿಯೂ ರಂಗಮಂದಿರಕ್ಕೆ ಹೋಗುತ್ತಿದ್ದ. ಮನೆಯಲ್ಲಿ ನಡೆ, ನುಡಿ, ಕುಳಿತುಕೊಳ್ಳುವ ಬಗೆ ಇವನ್ನೆಲ್ಲ ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಿದ್ದ. 1832ರಲ್ಲಿ ಕಾವೆಂಟ್ ಗಾರ್ಡನ್ ರಂಗಮಂದಿರದವರು ಅವನ ಅಭಿನಯವನ್ನು ಪರೀಕ್ಷಿಸಲು ದಿನ ಗೊತ್ತುಮಾಡಿದರು. ಆ ದಿನ ಅವನಿಗೆ ಕೆಟ್ಟ ನೆಗಡಿ. ಮುಖ ಊದಿಕೊಂಡು ಹೋಗಲಾಗಲಿಲ್ಲ. ಮುಂದೆ ಬರವಣಿಗೆಯ ದಾರಿ ತೆರೆಯಿತು. ಆ ಪರೀಕ್ಷೆ ನಡೆಯಲೇ ಇಲ್ಲ. ಆದರೆ ಅವನೊಳಗಿನ ನಟ ಸಾಯಲಿಲ್ಲ. ಬರೆಯುವಾಗ ಎದ್ದು ಕನ್ನಡಿಯ ಮುಂದೆ ನಿಂತು ಪಾತ್ರದ ಮುಖಭಾವವನ್ನು ತಾನೇ ಮಾಡಿ ನೋಡಿ, ಮರಳಿ ಬಂದು ಬರೆಯುತ್ತಿದ್ದನೆಂದು ಅವನ ಮಗಳು ನೆನಪಿಸಿಕೊಂಡಿದ್ದಾಳೆ.

1836ರಲ್ಲಿ ‘ಪಿಕ್‌ವಿಕ್ ಪೇಪರ್ಸ್’ ತಿಂಗಳಿಗೊಂದು ಕಂತಾಗಿ, ಶಿಲಿಂಗಿಗೊಂದರಂತೆ ಹೊರಬರತೊಡಗಿತು. ಮೊದಲು ಕೆಲವು ನೂರು ಪ್ರತಿ ಹೋಗುತ್ತಿದ್ದುದು ಕೊನೆಗೆ ನಲವತ್ತು ಸಾವಿರಕ್ಕೆ ಮುಟ್ಟಿತು. ಇಪ್ಪತ್ತೈದು ತುಂಬುವಷ್ಟರಲ್ಲಿ ಡಿಕನ್ಸ್ ಮನೆಮಾತಾದ. ಆದರೆ 1843ರಲ್ಲಿ ‘ಮಾರ್ಟಿನ್ ಚಸಲ್‌ವಿಟ್’ ಕಂತುಗಳಿಗೆ ಹಿಂದಿನ ಬೇಡಿಕೆ ಇರಲಿಲ್ಲ. ಪ್ರಕಾಶಕರು ಹಣ ಕಡಿತದ ಮಾತೆತ್ತಿದರು. ಸಂಸಾರ ಬೆಳೆಯುತ್ತಿತ್ತು, ತಂದೆ ಇನ್ನೂ ಸಾಲ ಮಾಡುತ್ತಲೇ ಇದ್ದ. ಅದೇ ವರ್ಷ ಗಣಿ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿಯನ್ನು ಕುರಿತ ಸರಕಾರಿ ವರದಿಯನ್ನು ಅವನು ಓದಿದ. ಲಂಡನ್ನಿನ ಚಿಂದಿಬಟ್ಟೆಯ ಮಕ್ಕಳಿಗಾಗಿ ನಡೆಯುತ್ತಿದ್ದ ಧರ್ಮಶಾಲೆಯೊಂದಕ್ಕೆ ಹೋಗಿ ಬಂದ. ಮೊದಲು ಒಂದು ಕರಪತ್ರ ಬರೆಯಬೇಕೆಂದಿದ್ದ. ಆಮೇಲೆ ಕರಪತ್ರ ಮಾಡಲಾರದ ಕೆಲಸವನ್ನು ಕಥೆ ಮಾಡೀತೆಂದು ತೋರಿತು. ಅಕ್ಟೋಬರಿನಲ್ಲಿ ಆರಂಭಿಸಿ, ರಾತ್ರಿಗಳಲ್ಲಿ ಲಂಡನ್ನಿನ ಬೀದಿಗಳನ್ನು ಮೈಲಿಗಟ್ಟಲೆ ಸುತ್ತುತ್ತ, ಅಳುತ್ತ, ನಗುತ್ತ, ಸುಮಾರು ಆರು ವಾರಗಳಲ್ಲಿ ಬರೆದು ಮುಗಿಸಿದ. ವಾರಕ್ಕೆ ಹದಿನೈದು ಶಿಲಿಂಗ್ ಸಂಬಳದ ಗುಮಾಸ್ತ ಬಾಬ್ ಕ್ರಾಚಿಟನನ್ನೂ ಅವನ ಕುಂಟು ಮಗನನ್ನೂ ನೆಲೆಗೊಳಿಸಿದ್ದು ತಾನು ಬಾಲ್ಯದಲ್ಲಿ ಕಂಡ ಆ ಕ್ಯಾಮ್ಡನ್ ಟೌನಿನಲ್ಲಿಯೇ.

ಡಿಸೆಂಬರ್ 19ರಂದು ಪುಸ್ತಕ ಹೊರಬಂತು. ಕ್ರಿಸ್‌ಮಸ್ ಹಿಂದಿನ ದಿನಕ್ಕೆ ಆರು ಸಾವಿರ ಪ್ರತಿಗಳೂ ಮುಗಿದವು. ಆದರೆ ಬಂಗಾರದಂಚು, ಕೈಯಲ್ಲಿ ಬಣ್ಣ ತುಂಬಿದ ಚಿತ್ರಗಳು ಎಂದು ಅವನೇ ಹಟ ಹಿಡಿದು ಮಾಡಿಸಿದ ಅಲಂಕಾರಗಳ ಖರ್ಚು ಲಾಭವನ್ನು ನುಂಗಿತು. ಸಾವಿರ ಪೌಂಡ್ ನಿರೀಕ್ಷಿಸಿದವನಿಗೆ ಮೊದಲ ಮುದ್ರಣದಿಂದ ದೊರೆತದ್ದು 230 ಪೌಂಡ್. ಕಥೆಯನ್ನು ಕದ್ದು ಅಚ್ಚುಮಾಡಿದವರ ಮೇಲೆ ದಾವೆ ಹೂಡಿ ಗೆದ್ದ; ಸೋತವರು ದಿವಾಳಿಯೆದ್ದುದರಿಂದ ಖರ್ಚು ಗೆದ್ದವನ ತಲೆಗೇ ಬಂತು. ಜಿಪುಣತನವನ್ನು ಜರೆದ ಕಥೆ ಜೇಬಿಗೆ ಹೀಗೆ ಭಾರವಾಯಿತು. ಆದರೆ ಕಥೆಯ ಓಟ ನಿಲ್ಲಲಿಲ್ಲ. 1844ರ ಫೆಬ್ರವರಿಯ ಹೊತ್ತಿಗೇ ಲಂಡನ್ನಿನ ಹಲವು ರಂಗಮಂದಿರಗಳಲ್ಲಿ ಅದು ನಾಟಕವಾಗಿತ್ತು.

ನೆಗಡಿ ತಪ್ಪಿಸಿದ ರಂಗಕ್ಕೆ ಅವನನ್ನು ಮರಳಿ ಕರೆತಂದದ್ದೂ ಈ ಕಥೆಯೇ. 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಪುರಭವನದಲ್ಲಿ, ಒಂದು ವಿದ್ಯಾಸಂಸ್ಥೆಯ ಸಹಾಯಾರ್ಥವಾಗಿ, ಅವನು ‘ಕ್ಯಾರಲ್’ ಕಥೆಯನ್ನು ಸಭೆಯ ಮುಂದೆ ಓದಿದ. ಒಂದು ದಿನದ ವಾಚನ ಕೂಲಿಕಾರರಿಗಾಗಿಯೇ, ಅಗ್ಗದ ದರದಲ್ಲಿ ಆಗಬೇಕೆಂಬುದು ಅವನ ಕರಾರು. 1858ರಿಂದ ಈ ವಾಚನವೇ ಅವನಿಗೆ ಎರಡನೆಯ ವೃತ್ತಿಯಾಯಿತು. ಗಮಕಿಯೊಬ್ಬನು ಕುಮಾರವ್ಯಾಸನನ್ನು ಓದುವಾಗ ಭೀಮನೂ ದ್ರೌಪದಿಯೂ ಒಂದೇ ಕಂಠದಿಂದ ಎದ್ದು ಬರುವುದನ್ನು ಕಂಡವರಿಗೆ ಇದರ ಸೊಗಸು ತಿಳಿದೀತು. ವೇಷವಿಲ್ಲ, ಪರದೆಗಳಿಲ್ಲ, ಒಂದು ಮೇಜು, ಮೇಲೊಂದು ಅನಿಲದೀಪ, ಒಬ್ಬ ಮನುಷ್ಯ. ಅಷ್ಟರಲ್ಲಿಯೇ ಹತ್ತಾರು ಪಾತ್ರಗಳು ಹುಟ್ಟಿ ಮಾತಾಡುತ್ತಿದ್ದವು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚಿತ್ರ ಸುಂದರವಾದೀತು, ಸತ್ಯವಾಗದು. ಲೋಕಕ್ಕೆ ಗೃಹಸೌಖ್ಯದ ಹಬ್ಬವನ್ನು ಬಣ್ಣಿಸಿದವನು, ಹತ್ತು ಮಕ್ಕಳ ತಾಯಿಯಾದ ಹೆಂಡತಿ ಕ್ಯಾಥರೀನಳನ್ನು 1858ರಲ್ಲಿ ಮನೆಯಿಂದ ದೂರಮಾಡಿದ. ಆ ವಿಷಯವನ್ನು ತನ್ನದೇ ಪತ್ರಿಕೆಯಲ್ಲಿ ಅಚ್ಚುಹಾಕಿಸಿದ. ನಾಟಕದ ನಂಟಿನಿಂದ ಪರಿಚಯವಾದ ಎಲೆನ್ ಟರ್ನನ್ ಎಂಬ ತರುಣ ನಟಿಯತ್ತ ಅವನ ಮನಸ್ಸು ತಿರುಗಿತ್ತು. ಭಾರತೀಯರಾದ ನಮಗೆ ಇನ್ನೊಂದು ನೋವಿನ ಸಂಗತಿಯಿದೆ. 1857ರ ದಂಗೆಯ ಸುದ್ದಿ ಕೇಳಿ, ಅಧಿಕಾರ ತನ್ನ ಕೈಯಲ್ಲಿದ್ದರೆ ಇಲ್ಲಿನ ಜನಾಂಗವನ್ನೇ ನಿರ್ಮೂಲಗೊಳಿಸುವೆನೆಂಬ ಅರ್ಥದ ಮಾತನ್ನು ಅವನು ಪತ್ರವೊಂದರಲ್ಲಿ ಬರೆದ. ಲಂಡನ್ನಿನ ಕೂಲಿಹುಡುಗನಿಗಾಗಿ ಮರುಗಿದ ಹೃದಯ ಕಡಲಾಚೆಯವರಿಗೆ ಬಾಗಿಲು ಮುಚ್ಚಿತ್ತು. ಅದೇ ವರ್ಷ ಅವನ ಮಗ ವಾಲ್ಟರ್, ಹದಿನಾರರ ಹುಡುಗ, ಸೈನ್ಯಾಧಿಕಾರಿಯಾಗಿ ಭಾರತಕ್ಕೆ ಬಂದ. 1863ರ ಡಿಸೆಂಬರ್ 31ರಂದು ಕಲಕತ್ತೆಯಲ್ಲಿ ತೀರಿಕೊಂಡ. ಆ ಸುದ್ದಿ ತಂದೆಗೆ ಮುಟ್ಟಿದ್ದು ಮರುವರ್ಷ, ಅವನ ಹುಟ್ಟುಹಬ್ಬದ ದಿನ.

1865ರ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ಅವನಿದ್ದ ರೈಲು ಅಪಘಾತಕ್ಕೀಡಾಯಿತು. ಹತ್ತು ಜನ ಸತ್ತರು. ಗಾಯಾಳುಗಳಿಗೆ ನೀರು ಕೊಡುತ್ತ ಓಡಾಡಿದ ಅವನು ಆ ನಡುಕದಿಂದ ಪೂರ್ತಿಯಾಗಿ ಹೊರಬರಲಿಲ್ಲ. ಆದರೂ ವಾಚನವನ್ನು ಬಿಡಲಿಲ್ಲ. 1867-68ರಲ್ಲಿ ಅಮೆರಿಕದ ಊರೂರು ತಿರುಗಿದ; ಕಾಲು ಊದಿ ನಡೆಯಲಾರದ ದಿನಗಳಲ್ಲಿಯೂ ವೇದಿಕೆ ಏರಿದ. ಅವನ ನಾಡಿಯ ಏರಿಕೆಯನ್ನು ವೈದ್ಯನು ಪಕ್ಕದಲ್ಲಿ ನಿಂತು ಗುರುತಿಸಿಕೊಳ್ಳಬೇಕಾಯಿತು. 1870ರ ಮಾರ್ಚ್ 15ರಂದು ಲಂಡನ್ನಿನಲ್ಲಿ ಕೊನೆಯ ವಾಚನ. ಅಂದು ಓದಿದ್ದೂ ‘ಕ್ಯಾರಲ್’, ಅದರ ಜೊತೆಗೆ ‘ಪಿಕ್‌ವಿಕ್’ನ ಒಂದು ಪ್ರಸಂಗ. ಅಪಘಾತದ ಐದನೆಯ ವರ್ಷ, ಅದೇ ಜೂನ್ 9ರಂದು, ಐವತ್ತೆಂಟರ ವಯಸ್ಸಿನಲ್ಲಿ, ಒಂದು ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟು ಅವನು ಕಣ್ಮುಚ್ಚಿದ. ಆಡಂಬರ ಬೇಡವೆಂದು ಬರೆದಿಟ್ಟಿದ್ದ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕವಿಗಳ ಮೂಲೆಯಲ್ಲಿ, ಬೆಳಗಿನ ಹೊತ್ತು, ಕೆಲವೇ ಜನರ ಮುಂದೆ ಅವನನ್ನು ಮಣ್ಣುಮಾಡಿದರು. ಆಮೇಲೆ ದಿನಗಟ್ಟಲೆ ಸಾವಿರಾರು ಜನ ಆ ಗೋರಿಯ ಬಳಿ ಹಾದುಹೋದರು.

ಚಲಚ್ಚಿತ್ರ ಹುಟ್ಟಿದ ಕೆಲವೇ ವರ್ಷಗಳಲ್ಲಿ, 1901ರಲ್ಲಿಯೇ, ಸ್ಕ್ರೂಜ್ ತೆರೆಯ ಮೇಲೆ ಬಂದ. ಆಮೇಲೆ ಬಾನುಲಿ, ಅದರಾಚೆ ದೂರದರ್ಶನ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕಂತುಕಂತಾಗಿ ಹೇಳುವ ಕಲೆ, ದೃಶ್ಯವನ್ನು ಥಟ್ಟನೆ ಕತ್ತರಿಸಿ ಮುಂದಿನದಕ್ಕೆ ಕಾಯಿಸುವ ಜಾಣತನ, ಮನೆಮಂದಿಯೆಲ್ಲ ಕೂಡಿ ಕೇಳಬೇಕೆಂಬ ಆಸೆ, ಇವೆಲ್ಲ ಅವನಲ್ಲಿ ಮೊದಲೇ ಇದ್ದವು. ಅವನ ಬರಹ ಓದುವ ಕೋಣೆಯಿಂದ ಬಂದುದಲ್ಲ. ಅಭಿನಯಿಸಲು ಹಂಬಲಿಸಿದ ದೇಹದಿಂದ ಬಂದುದು. ಕಥೆ ಬರೆದವನು ತಾನೇ ಪೂರ್ತಿ ಸ್ಕ್ರೂಜನಂತೆ ಬದಲಾಗಲಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆ ಆಕ್ಷೇಪ ನ್ಯಾಯವೇ. ಆದರೆ ಬದಲಾಗುವ ಭಾರ ಕಥೆಗಾರನೊಬ್ಬನದೇ ಎಂದು ಬಗೆದರೆ, ಕೇಳಿದ ನಮಗೆ ಕೆಲಸವೇ ಉಳಿಯುವುದಿಲ್ಲ.

ರಜೆ ಮುಗಿದ ಮೇಲೆ ಆ ಹುಡುಗನನ್ನು ಒಬ್ಬನೇ ಇರುವಾಗ ಕರೆದು ಕೇಳಿದೆ. ಬಹಳ ಹೊತ್ತು ತಲೆತಗ್ಗಿಸಿ ನಿಂತಿದ್ದ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಬೇಕರಿಯೊಂದರಲ್ಲಿ ಬ್ರೆಡ್ಡು ಕಟ್ಟುವ ಕೆಲಸ ಮಾಡುತ್ತೇನೆಂದೂ, ಹಬ್ಬದ ವಾರದಲ್ಲಿ ಕೇಕಿನ ಕೆಲಸ ಹೆಚ್ಚಿತ್ತೆಂದೂ ಕೊನೆಗೆ ಹೇಳಿದ. ಫೀಜಿಗೆ ಬೇಕಿತ್ತಂತೆ. ಈ ವಿಷಯ ತರಗತಿಯಲ್ಲಿ ಯಾರಿಗೂ ತಿಳಿಸಬಾರದೆಂದು ಎರಡೆರಡು ಸಲ ಬೇಡಿಕೊಂಡ. ನಾನು ಮಾತು ಕೊಟ್ಟೆ. ಅವನು ಹೋದ ಮೇಲೆ ಹಾಜರಿ ಪುಸ್ತಕವನ್ನು ತೆರೆದು, ಡಿಸೆಂಬರ್ ತಿಂಗಳ ಆ ಒಂದು ಮನೆಯಲ್ಲಿ ನಾನೇ ಹಾಕಿದ್ದ ಗೈರುಹಾಜರಿಯ ಗುರುತನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿಮಾಡಿದೆ.